ಶುಶ್ರೂಷೆ ಕಲಿಸುವ ಗೊಂಬೆ

ದಡದ ಮೇಲೆ ಕುಳಿತು ಈಜು ಕಲಿತವರಿಲ್ಲ. ಕಲಿಯಬೇಕಾದರೆ ನೀರಿಗಿಳಿಯಲೇಬೇಕು. ಆದರೆ ಕಲಿಯುವವರು ಮಾಡುವ ತಪ್ಪಿನಿಂದ ಬೇರೊಂದು ಜೀವಕ್ಕೆ ಅಪಾಯವಿದ್ದರೆ ಏನು ಮಾಡಬೇಕು? ಶುಶ್ರೂಷಾ ಶಾಲೆಗಳನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಆಗತಾನೆ ಹುಟ್ಟಿದ ಶಿಶುವಿನ ವಿಷಯದಲ್ಲಂತೂ ಇದು ಇನ್ನಷ್ಟು ಕಠಿನ. ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತು ತಾವಾಗಿಯೇ ಅತ್ತು ಉಸಿರಾಡತೊಡಗುತ್ತವೆ. ಉಳಿದ ಒಂದಕ್ಕೆ ಏನಾದರೊಂದು ನೆರವು ಬೇಕು. ಆ ನೆರವು ಮೊದಲ ಒಂದು ನಿಮಿಷದೊಳಗೆ ದೊರೆಯಬೇಕು. ಆಗ ಪುಸ್ತಕ ತೆರೆದು ನೋಡಲು ಬಿಡುವೆಲ್ಲಿ? ಕೈ ತಾನಾಗಿಯೇ ಕೆಲಸ ಮಾಡಬೇಕು. ಅಂಥ ಕೈಯನ್ನು ಪಳಗಿಸುವ ಸಾಧನವೇ ಶುಶ್ರೂಷೆಯ ಗೊಂಬೆ.

ಈ ಸಾಧನದ ಚರಿತ್ರೆ ಮಕ್ಕಳ ಆಟಿಕೆಗಳ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಪಾಟಕೆಟ್ ಎಂಬ ಊರಿನಲ್ಲಿ ಮಾರ್ತಾ ಚೇಸ್ ಎಂಬಾಕೆ ಬಟ್ಟೆಯ ಗೊಂಬೆಗಳನ್ನು ಮಾಡುತ್ತಿದ್ದರು. 1911ರಲ್ಲಿ ಹಾರ್ಟ್‌ಫರ್ಡ್ ಆಸ್ಪತ್ರೆಯ ಶುಶ್ರೂಷಾ ಶಾಲೆಗೆ ಅವರು ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಟ್ಟರು. ‘ಶ್ರೀಮತಿ ಚೇಸ್’ ಎಂದು ಹೆಸರಾದ ಆ ಗೊಂಬೆಯನ್ನು ಹಾಸಿಗೆಯಲ್ಲಿ ಮಲಗಿಸಿ, ಹೊರಳಿಸಿ ವಿದ್ಯಾರ್ಥಿನಿಯರು ಕೆಲಸ ಕಲಿತರು. ಶಿಶುವಿನ ಗಾತ್ರದ ಗೊಂಬೆಗಳೂ ಅದೇ ಕಾರ್ಖಾನೆಯಿಂದ ಮುಂದೆ ಹೊರಬಂದವು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೆರ್ಡಾಲ್ ಬಾಯಿಂದ ಬಾಯಿಗೆ ಉಸಿರೂದುವುದನ್ನು ಕಲಿಸುವ ‘ಆನ್’ ಎಂಬ ಗೊಂಬೆಯನ್ನು ಹೊರತಂದರು. ಅವರ ಸಂಸ್ಥೆ ಈಚೆಗೆ ಸಿದ್ಧಪಡಿಸಿದ ನವಜಾತ ಶಿಶುವಿನ ಗೊಂಬೆಗೆ ‘ನಿಯೊನ್ಯಾಟಲಿ’ ಎಂದು ಹೆಸರು. ಅಮೆರಿಕದ ಶಿಶುವೈದ್ಯರ ಅಕಾಡೆಮಿಯು 2010ರಲ್ಲಿ ಆರಂಭಿಸಿದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಶಿಕ್ಷಣಕ್ರಮದಲ್ಲಿ ಅದು ಬಳಕೆಗೆ ಬಂದಿತು.

ಈ ಗೊಂಬೆಯ ರಚನೆ ಬಲು ಸರಳ. ಅದರೊಳಗೆ ವಿದ್ಯುತ್ತಿಲ್ಲ. ಸುಮಾರು 2 ಲೀಟರು ಬೆಚ್ಚನೆಯ ನೀರನ್ನು ಅದರಲ್ಲಿ ತುಂಬುತ್ತಾರೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಮೆಂಬುದು ನಮಗೆ ಗೊತ್ತೇ ಇದೆ. ನೀರು ತುಂಬಿದ ಗೊಂಬೆಗೆ ಶಿಶುವಿನ ಭಾರ, ಶಿಶುವಿನ ಕಾವು, ಉಸಿರಿಲ್ಲದ ಶಿಶುವಿನ ಜೋಲುವಿಕೆ ಎಲ್ಲವೂ ಬರುತ್ತವೆ. ಶಿಕ್ಷಕರು ಕೊಳವೆಯ ತುದಿಯ ರಬ್ಬರು ಗುಂಡನ್ನು ಅದುಮಿದರೆ ಹೊಕ್ಕುಳಬಳ್ಳಿಯಲ್ಲಿ ನಾಡಿ ಮಿಡಿಯುತ್ತದೆ. ಮುಚ್ಚಿದ ಪಾತ್ರೆಯ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಹರಡುತ್ತದೆಂಬ ಪಾಸ್ಕಲನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇನ್ನು ಪಾಠಕ್ಕೆ ಬರೋಣ. ಮೊದಲನೆಯ ಕೆಲಸ ಶಿಶುವನ್ನು ಒರಸಿ ಒಣಗಿಸುವುದು. ಏಕೆ? ಒಂದು ಗ್ರಾಮು ನೀರು ಚರ್ಮದ ಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 3 ಕಿಲೋಗ್ರಾಮು ತೂಕದ ಶಿಶುವಿನ ಮೈಮೇಲಿನ 10 ಗ್ರಾಮು ನೀರು ಆರಿತೆನ್ನೋಣ. 5,800 ಕ್ಯಾಲೊರಿ ಶಾಖ ವ್ಯಯವಾಯಿತು. ದೇಹದ ವಿಶಿಷ್ಟೋಷ್ಣ ಸುಮಾರು 0.83. ಶಾಖವೆಲ್ಲ ದೇಹದಿಂದಲೇ ಹೋದರೆ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕು ಇಳಿಯುತ್ತದೆ. ಒಣ ಬಟ್ಟೆಯೊಂದು ಈ ನಷ್ಟವನ್ನು ತಡೆಯಬಲ್ಲುದು. ಒರಸುವಾಗ ಬೆನ್ನನ್ನು ತಿಕ್ಕುವುದರಿಂದ ಉಸಿರಾಟಕ್ಕೆ ಪ್ರಚೋದನೆಯೂ ದೊರೆಯುತ್ತದೆ.

ಎರಡನೆಯದು ತಲೆಯ ಭಂಗಿ. ನವಜಾತ ಶಿಶುವಿನ ತಲೆ ಮೈಯುದ್ದದ ಸುಮಾರು ಕಾಲುಪಾಲು, ಹಿಂದಲೆಯೂ ಉಬ್ಬಿರುತ್ತದೆ. ಅಂಗಾತ ಮಲಗಿಸಿದರೆ ಗಲ್ಲ ಎದೆಯತ್ತ ಬಾಗಿ ಶ್ವಾಸನಾಳ ಮಡಿಚಿಕೊಳ್ಳುತ್ತದೆ. ಕತ್ತನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದರೂ ದಾರಿ ಕಿರಿದಾಗುತ್ತದೆ. ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ಕೊಳವೆಯನ್ನು ಯಾವ ಕಡೆ ಮಡಿಚಿದರೂ ನೀರು ನಿಲ್ಲುವುದಷ್ಟೆ. ಮೂಗು ತುಸು ಮೇಲಾಗಿ, ಏನನ್ನೋ ಮೂಸುವಂತಿರುವ ಭಂಗಿಯೇ ಸರಿ. ಗೊಂಬೆಯಲ್ಲಿಯೂ ಭಂಗಿ ತಪ್ಪಿದರೆ ಅಥವಾ ಮುಖಕ್ಕೆ ಹಿಡಿದ ಮುಸುಕು ಸಡಿಲವಾದರೆ ಎದೆ ಮೇಲೇಳದು. ಗುರುಗಳು ಬೈಯಬೇಕಾಗಿಲ್ಲ, ಗೊಂಬೆಯೇ ತಪ್ಪನ್ನು ತೋರಿಸುತ್ತದೆ.

ಮೂರನೆಯದು ಚೀಲ ಹಿಸುಕಿ ಗಾಳಿಯೂಡುವುದು. ಹುಟ್ಟುವ ಮುನ್ನ ಶಿಶುವಿನ ಶ್ವಾಸಕೋಶಗಳಲ್ಲಿ ದ್ರವ ತುಂಬಿರುತ್ತದೆ. ಮೇಲ್ಮೈ ಕರ್ಷಣದ ನಿಯಮದಂತೆ ಗುಳ್ಳೆ ಚಿಕ್ಕದಾದಷ್ಟೂ ಅದನ್ನು ತೆರೆದಿಡಲು ಹೆಚ್ಚು ಒತ್ತಡ ಬೇಕು. ಹೋಲಿಕೆ ಪೂರ್ಣವಲ್ಲದಿದ್ದರೂ, ಬೆಲೂನು ಊದುವಾಗ ಮೊದಲ ಊದು ಎಷ್ಟು ಕಷ್ಟವೆಂಬುದನ್ನು ನೆನೆದುಕೊಳ್ಳಬಹುದು. ಹಾಗೆಂದು ಬಲವಾಗಿ ಹಿಸುಕಬಾರದು. 3 ಕಿಲೋಗ್ರಾಮು ಶಿಶುವಿನ ಒಂದು ಉಸಿರಿಗೆ ಬೇಕಾದ ಗಾಳಿ 12ರಿಂದ 18 ಮಿಲಿಲೀಟರು ಮಾತ್ರ, ಎಂದರೆ ಮೂರು ಸಣ್ಣ ಚಮಚೆಯಷ್ಟು. ನಿಮಿಷಕ್ಕೆ 40 ಉಸಿರು. ಒಂದೊಂದಕ್ಕೆ ಒಂದೂವರೆ ಸೆಕೆಂಡು. ಈ ಮೃದುತ್ವವನ್ನೂ ಈ ಲಯವನ್ನೂ ಬೆರಳುಗಳು ಅಭ್ಯಾಸದಿಂದಲೇ ಕಲಿಯಬೇಕು.

ಇದರಿಂದ ನಿಜವಾಗಿ ಪ್ರಯೋಜನವುಂಟೆ? ಉತ್ತರ ನಮ್ಮ ನಾಡಿನಲ್ಲಿಯೇ ದೊರೆತಿದೆ. ಬೆಳಗಾವಿಯ ವೈದ್ಯರು ಉತ್ತರ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಹೆರಿಗೆ ಮಾಡಿಸುವ ಸುಮಾರು 600 ಜನರಿಗೆ ಈ ಶಿಕ್ಷಣ ಕೊಡಿಸಿ, ಅದರ ಫಲವನ್ನು 2013ರಲ್ಲಿ ಪ್ರಕಟಿಸಿದರು. ಶಿಕ್ಷಣಕ್ಕೆ ಮೊದಲು ನೂರು ಹೆರಿಗೆಗಳಲ್ಲಿ 3.0 ಶಿಶುಗಳು ‘ಸತ್ತು ಹುಟ್ಟಿದವು’ ಎಂದು ದಾಖಲಾಗುತ್ತಿದ್ದವು. ಅನಂತರ ಅದು 2.3ಕ್ಕೆ ಇಳಿಯಿತು. ಹುಟ್ಟಿದ ಮೇಲೆ ಸಾಯುವ ಶಿಶುಗಳ ಪ್ರಮಾಣ ಮಾತ್ರ ಇಳಿಯಲೂ ಇಲ್ಲ, ಏರಲೂ ಇಲ್ಲ. ಇದರ ಅರ್ಥವೇನು? ಸತ್ತಿವೆಯೆಂದು ಹಿಂದೆ ಬದಿಗಿಡುತ್ತಿದ್ದ ಶಿಶುಗಳಲ್ಲಿ ಕೆಲವು ಸತ್ತಿರಲಿಲ್ಲ! ಉಸಿರಿರಲಿಲ್ಲ, ಅಷ್ಟೆ, ಎದೆಯ ಮಿಡಿತವಿದ್ದಿತು. ಕಾದು ನೋಡುವ ಬದಲು ಗಾಳಿಯೂಡಲು ಕಲಿತ ಕೈಗಳು ಅವನ್ನು ಉಳಿಸಿಕೊಂಡವೆಂದು ಭಾವಿಸಲು ಕಾರಣವಿದೆ.

ಗೊಂಬೆಗೆ ಮಿತಿಗಳೂ ಇವೆ. ನಿಜವಾದ ಶಿಶುವಿನ ಚರ್ಮದ ಬಣ್ಣ ಬದಲಾಗುವುದನ್ನು ಅದು ತೋರಿಸದು. ಪಕ್ಕದಲ್ಲಿ ಮಲಗಿರುವ ತಾಯಿಯ ಆತಂಕವನ್ನು ತಿಳಿಸದು. ಒಮ್ಮೆ ಕಲಿತ ಕೌಶಲ ಕೆಲವೇ ತಿಂಗಳುಗಳಲ್ಲಿ ಮಾಸುವುದರಿಂದ ಅಭ್ಯಾಸವನ್ನು ಮತ್ತೆ ಮತ್ತೆ ಮಾಡುತ್ತಿರಬೇಕು. ಆದರೂ ನೂರು ಸಲ ತಪ್ಪಿದರೂ ನೋಯದ ರೋಗಿಯೊಂದಿದ್ದರೆ ಅದು ಈ ಗೊಂಬೆಯೇ. ತಪ್ಪುಗಳೆಲ್ಲ ಗೊಂಬೆಯ ಮೇಲೆಯೇ ಮುಗಿದುಹೋದರೆ ಶಿಶುವಿನ ಪಾಲಿಗೆ ಪಳಗಿದ ಕೈ ಮಾತ್ರ ಉಳಿಯುತ್ತದೆ.