ಅಂಕಿ ಯಾವ ತೀರ್ಮಾನಕ್ಕೆ ಬೇಕು?

ಕರ್ನಾಟಕದಲ್ಲಿ ರೈತರು ಎಷ್ಟು ಮಂದಿ ಇದ್ದಾರೆ? ಸರ್ಕಾರದ ಅಂಕಿ-ಅಂಶದ ಕೆಲಸದಲ್ಲಿ ಹಿರಿಯ ಹುದ್ದೆಗೆ ಬಂದ ಮೇಲೆ ನನ್ನ ಮೇಜಿಗೆ ಮತ್ತೆ ಮತ್ತೆ ಬಂದ ಪ್ರಶ್ನೆ ಇದು. ಕೇಳಿದವರಿಗೆಲ್ಲ ಉತ್ತರ ಒಂದೇ ಸಂಖ್ಯೆಯಲ್ಲಿ, ಸಂಜೆಯೊಳಗೆ ಬೇಕು. 2011ರ ಜನಗಣತಿ ತೆಗೆದರೆ ಸಾಗುವಳಿದಾರರು ಸುಮಾರು 66 ಲಕ್ಷ. 2015-16ರ ಕೃಷಿ ಗಣತಿ ತೆಗೆದರೆ ಹಿಡುವಳಿಗಳು ಸುಮಾರು 87 ಲಕ್ಷ. ಪಹಣಿಯಲ್ಲಿ ಹೆಸರಿರುವವರನ್ನು ಎಣಿಸಿದರೆ ಇನ್ನೊಂದು ಲೆಕ್ಕ, ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡವರನ್ನು ಎಣಿಸಿದರೆ ಮತ್ತೊಂದು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಜನಗಣತಿ ಮನುಷ್ಯರನ್ನು ಅವರು ಮಾಡುವ ಕೆಲಸ ನೋಡಿ ಎಣಿಸುತ್ತದೆ. ಕೃಷಿ ಗಣತಿಗೆ ಒಡೆತನ ಮುಖ್ಯವಲ್ಲ. ಯಾರ ಉಸ್ತುವಾರಿಯಲ್ಲಿ ಎಷ್ಟು ಜಮೀನು ಸಾಗುವಳಿಯಾಗುತ್ತಿದೆ ಎಂಬುದೇ ಅದರ ಹಿಡುವಳಿ. ಪಹಣಿಗೆ ಬೇಕಾದದ್ದು ಹಕ್ಕು. ಅಲ್ಲಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಖಾತೆಯೂ ಇದೆ, ಅಣ್ಣತಮ್ಮಂದಿರ ಜಂಟಿ ಖಾತೆಯೂ ಇದೆ. ಗುತ್ತಿಗೆಗೆ ಹೊಲ ಮಾಡುವವರ ಕಥೆ ಇನ್ನೂ ಬೇರೆ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದು ಮಾಡಿದ ಮೇಲೆ, ಪಹಣಿಯ 12ನೇ ಕಾಲಂನಲ್ಲಿ, ಅಂದರೆ ಸಾಗುವಳಿ ಮಾಡುವವರ ಹೆಸರಿನ ಜಾಗದಲ್ಲಿ, ಪರರ ಹೆಸರು ಬರೆಸಲು ಜಮೀನಿನ ಮಾಲೀಕರು ಹೆದರುತ್ತಾರೆ. ಹೀಗಾಗಿ 9ನೇ ಕಾಲಂನ ಹೆಸರೇ 12ರಲ್ಲೂ ಕೂತಿರುತ್ತದೆ. ಬಿತ್ತಿ ಬೆಳೆದವನು ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಆದ್ದರಿಂದ ರೈತರ ಸಂಖ್ಯೆ ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುವುದನ್ನು ರೂಢಿ ಮಾಡಿಕೊಂಡೆ: ಇದರಿಂದ ಏನು ತೀರ್ಮಾನ ಮಾಡುತ್ತೀರಿ? ಬ್ಯಾಂಕ್ ಖಾತೆಗೆ ಹಣ ಹಾಕುವುದಾದರೆ ನೋಂದಣಿಯ ಪಟ್ಟಿ ಬೇಕು. ಬಿತ್ತನೆ ಬೀಜದ ದಾಸ್ತಾನಿಗಾದರೆ ತಲೆ ಎಣಿಕೆಯೇ ಬೇಡ, ಬೆಳೆ ಸಮೀಕ್ಷೆಯ ವಿಸ್ತೀರ್ಣ ಸಾಕು. ಬರಗಾಲದಲ್ಲಿ ನಿಜವಾಗಿ ನಷ್ಟಕ್ಕೊಳಗಾದವರು ಯಾರು ಎಂದು ತಿಳಿಯಬೇಕಿದ್ದರೆ ಇಂದಿನ ಯಾವ ಪಟ್ಟಿಯೂ ಪೂರ್ತಿ ಸಾಲದು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು.

ಈ ಹುದ್ದೆಗೆ ಬರುವ ಮೊದಲು ನಾನು ಅಂಕಿ ತಯಾರಿಸುವ ಕಡೆ ಇದ್ದವನು. ಸಮೀಕ್ಷೆ, ಪರಿಶೀಲನೆ, ಕೋಷ್ಟಕ, ವರದಿ. ಹೊಸ ಜವಾಬ್ದಾರಿ ಬೇಡಿಕೆಯ ಕಡೆಯದು. ಇಲಾಖೆಗಳು, ನಿಗಮಗಳು, ಸಚಿವರ ಕಚೇರಿಗಳು, ಶಾಸಕರು, ವಿಶ್ವವಿದ್ಯಾಲಯದ ಸಂಶೋಧಕರು ಕೇಳುವ ಮಾಹಿತಿಯೆಲ್ಲ ಒಂದೇ ಬಾಗಿಲಿಗೆ ಬರುವಂತೆ ಮಾಡಿ, ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಕೊಡಬಾರದು, ಯಾವುದನ್ನು ಹೊಸದಾಗಿ ಸಂಗ್ರಹಿಸುವ ಅಗತ್ಯವೇ ಇಲ್ಲ ಎಂದು ತೀರ್ಮಾನಿಸುವುದು. ಕೇಳಿದ್ದನ್ನೆಲ್ಲ ಬೇಗ ಕೊಡುವುದೇ ಒಳ್ಳೆಯ ಸೇವೆ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿದೆ. ಆ ನಂಬಿಕೆಗೆ ತೆರಬೇಕಾದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಕೂತರೆ ಕಾಣುವುದಿಲ್ಲ.

ನನಗೆ ಅದು ಕಂಡದ್ದು ಉತ್ತರ ಕರ್ನಾಟಕದ ಒಂದು ಹಳ್ಳಿಯ ಅಂಗನವಾಡಿಯಲ್ಲಿ. ಸಮೀಕ್ಷೆಯೊಂದರ ಪರಿಶೀಲನೆಗೆ ಹೋಗಿದ್ದೆ. ಟೀಚರ್ ಮಕ್ಕಳ ತೂಕ ನೋಡುತ್ತಿದ್ದರು. ಒಂದು ಮಗುವಿನ ತೂಕ 9 ಕಿಲೋ 400 ಗ್ರಾಂ ಬಂತು. ಅದನ್ನು ಪುಸ್ತಕದಲ್ಲಿ ಬರೆದರು. ಅಂಗನವಾಡಿಗಳಿಗೆ 2012ರ ಹೊತ್ತಿಗೆ ಬಂದ ಪದ್ಧತಿಯಲ್ಲಿ ಇಂಥ ರಿಜಿಸ್ಟರ್‌ಗಳು 11. ಬಳಿಕ ಮೊಬೈಲ್ ತೆಗೆದು, 2021ರಲ್ಲಿ ಶುರುವಾದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅದೇ ತೂಕ ಹಾಕಿದರು. ಅದಾದ ಮೇಲೆ ಗೆರೆ ಎಳೆದ ಒಂದು ಬಿಳಿ ಹಾಳೆ ಹೊರಬಂತು. ಅದರಲ್ಲೂ 9.4 ಎಂದು ಬರೆದು, ಹಾಳೆ ತುಂಬಿದ ಮೇಲೆ ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಬೇಕಿತ್ತು.

"ಈ ಹಾಳೆ ಯಾರಿಗೆ ಟೀಚರ್?" ಎಂದು ಕೇಳಿದೆ.

"ಗೊತ್ತಿಲ್ರಿ ಸರ್. ಮ್ಯಾಲಿಂದ ಕೇಳ್ಯಾರ್ರಿ. ಇವತ್ತ ಐದರೊಳಗ ಹಾಕ್ಬೇಕಂತ."

ಅಷ್ಟು ಹೊತ್ತೂ ಮಕ್ಕಳು ಸುಮ್ಮನೆ ಕೂತಿದ್ದರು. ಹಾಡು ಹೇಳಿಸುವವರು ಹಾಳೆ ತುಂಬುತ್ತಿದ್ದರು. ಬೆಂಗಳೂರಿಗೆ ಮರಳಿ ಬಂದು ಆ ಹಾಳೆಯ ಜಾಡು ಹಿಡಿದು ಹೋದೆ. ಯಾವುದೋ ಒಂದು ಕಚೇರಿಯ ಸಭೆಯಲ್ಲಿ ತೋರಿಸುವ ಒಂದೇ ಒಂದು ಸ್ಲೈಡಿಗಾಗಿ ಆ ಅಂಕಿ ಬೇಕಾಗಿತ್ತು. ಅದು ಆ್ಯಪ್‌ನಲ್ಲಿ ಆಗಲೇ ಇತ್ತು. ಅಲ್ಲಿಂದ ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ.

ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದು ಹೊಸ ಕಾಲಂ ತುಂಬಲು ಒಬ್ಬೊಬ್ಬರಿಗೆ ಹತ್ತೇ ನಿಮಿಷ ಹಿಡಿದರೂ ಒಟ್ಟು 10 ಸಾವಿರ ಗಂಟೆ ಆಯಿತು. ಹೊಸ ನಮೂನೆಯ ಕರಡು ಬಂದಾಗಲೆಲ್ಲ ಈ ಗುಣಾಕಾರವನ್ನು ಕಡತದ ಟಿಪ್ಪಣಿಯಲ್ಲೇ ಮಾಡಿ ತೋರಿಸತೊಡಗಿದೆ. ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಇವರ ಸಮಯಕ್ಕೆ ನಮ್ಮ ಕಡತಗಳಲ್ಲಿ ಬೆಲೆಯೇ ಬರೆದಿರುವುದಿಲ್ಲ. ಬರೆದು ತೋರಿಸಿದಾಗ ಮೇಲಧಿಕಾರಿಗಳು ಕೇಳಿದರು ಎಂಬುದನ್ನೂ ಹೇಳಬೇಕು. ಎಷ್ಟೋ ಕಾಲಂಗಳು ಹಾಗೆ ಬಿದ್ದುಹೋದವು. ದಣಿದ ಕೈ ಸಂಜೆ ಐದರೊಳಗೆ ತುಂಬುವ ಕಾಲಂನಲ್ಲಿ ಹೋದ ತಿಂಗಳ ಅಂಕಿಯೇ ಈ ತಿಂಗಳೂ ಕೂರುತ್ತದೆ ಎಂದು ಅವರಿಗೂ ಒಳಗೊಳಗೆ ಗೊತ್ತಿತ್ತು.

ಇದಾದ ಮೇಲೆ ಮಾಹಿತಿ ಕೇಳುವವರಿಗೆ ಒಂದು ಪುಟದ ನಮೂನೆ ಮಾಡಿದೆವು. ಯಾವ ತೀರ್ಮಾನಕ್ಕೆ, ಎಂದಿಗೆ, ಯಾವ ಮಟ್ಟದಲ್ಲಿ ಬೇಕು. ಇದೇ ಮಾಹಿತಿ ಬೇರೆ ಯಾವ ತಂತ್ರಾಂಶದಲ್ಲಿದೆ ಎಂದು ನೋಡಿದ್ದೀರಾ? ಇಷ್ಟೇ. ಕೆಲವರಿಗೆ ಸಿಟ್ಟು ಬಂತು. ಸರ್ಕಾರದ ಮಾಹಿತಿಯನ್ನು ಸರ್ಕಾರದವರೇ ಕೇಳಿದರೆ ಕಾರಣ ಯಾಕೆ ಎಂದರು. ಜಗಳಕ್ಕೆ ಹೋಗದೆ ಫೋನ್ ಎತ್ತಿ ಮಾತಾಡಿ, ಅವರ ಪರವಾಗಿ ನಾವೇ ನಮೂನೆ ತುಂಬಿದೆವು. ಹತ್ತು ನಿಮಿಷದ ಆ ಮಾತುಕತೆಯಲ್ಲಿ ಬೇಡಿಕೆಯ ರೂಪವೇ ಬದಲಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ವಿಧಾನಸಭೆ ಅಧಿವೇಶನದ ಹೊತ್ತಿನ ಒಂದು ಸಂದರ್ಭ ಹೇಳುತ್ತೇನೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಯೊಂದು ಸಂಬಂಧಪಟ್ಟ ಇಲಾಖೆಯ ಮೂಲಕ ನಮ್ಮಲ್ಲಿಗೆ ಬಂತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಅ, ಆ, ಇ, ಈ. ಕಳೆದ ಐದು ವರ್ಷಗಳಲ್ಲಿ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಬೆಳೆ ವಿಮೆ ಮಾಡಿಸಿದ ರೈತರೆಷ್ಟು, ಬೆಳೆವಾರು ವಿಸ್ತೀರ್ಣವೆಷ್ಟು, ಕಟ್ಟಿದ ಕಂತೆಷ್ಟು, ಬಂದ ಪರಿಹಾರವೆಷ್ಟು. ಉತ್ತರದ ಅನುಬಂಧವೇ ಒಂದು ದಪ್ಪ ಪುಸ್ತಕವಾಗುತ್ತಿತ್ತು. ಅದನ್ನು ಕೊಡಲೇಬೇಕು, ಕೊಟ್ಟೆವು. ಅದರ ಜೊತೆಗೆ ಶಾಸಕರ ಆಪ್ತ ಸಹಾಯಕರಿಗೆ ಫೋನ್ ಮಾಡಿ, ಸಾಹೇಬರಿಗೆ ನಿಜವಾಗಿ ತಿಳಿಯಬೇಕಾದದ್ದು ಏನು ಎಂದು ವಿಚಾರಿಸಿದೆ. "ನಮ್ಮ ಪಕ್ಕದ ಪಂಚಾಯಿತಿಗೆ ರಾಗಿ ವಿಮೆ ಬಂತು, ನಮಗೆ ಬರಲಿಲ್ಲ. ಮಳೆ ಇಬ್ಬರಿಗೂ ಒಂದೇ. ಅದ್ಯಾಕೆ ಸಾರ್ ಹಿಂಗೆ ಅಂತ ಊರವರು ದಿನಾ ಮನೆ ಬಾಗಿಲಿಗೆ ಬರ್ತಾರೆ" ಎಂದರು.

ಆ ಪ್ರಶ್ನೆಗೆ ಉತ್ತರ ದಪ್ಪ ಅನುಬಂಧದಲ್ಲಿ ಇರಲಿಲ್ಲ, ಬೆಳೆ ಕಟಾವು ಪ್ರಯೋಗದ ಹಾಳೆಗಳಲ್ಲಿತ್ತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪ್ರತಿ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಪ್ರಯೋಗ ನಡೆಯುತ್ತವೆ. ಲಾಟರಿಯಂತೆ ಆಯ್ಕೆಯಾದ ಸರ್ವೆ ನಂಬರಿನ ಹೊಲದಲ್ಲಿ ತಾಕು ಅಳೆದು, ಹಗ್ಗ ಕಟ್ಟಿ, ಅಷ್ಟರೊಳಗಿನ ಬೆಳೆ ಕೊಯ್ದು, ಬಡಿದು, ತೂಗಿ ಇಳುವರಿ ಬರೆಯುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಒಳ್ಳೆಯ 5 ವರ್ಷದ ಸರಾಸರಿ ಹಿಡಿದು ಖಾತರಿ ಇಳುವರಿ ನಿಗದಿಯಾಗಿರುತ್ತದೆ. ಪ್ರಯೋಗದ ಸರಾಸರಿ ಅದಕ್ಕಿಂತ ಕೆಳಗೆ ಬಿದ್ದರೆ ಪರಿಹಾರ, ಮೇಲಿದ್ದರೆ ಇಲ್ಲ. ಪಕ್ಕದ ಪಂಚಾಯಿತಿಯದು ಕೆಳಗೆ ಬಿದ್ದಿತ್ತು, ಇವರದು ಸ್ವಲ್ಪದರಲ್ಲೇ ಮೇಲೆ ನಿಂತಿತ್ತು.

ನಾಲ್ಕು ಪ್ರಯೋಗಗಳ ಸರ್ವೆ ನಂಬರ್, ಕಟಾವಿನ ದಿನ, ತೂಕ, ಖಾತರಿ ಇಳುವರಿ, ಇಷ್ಟನ್ನು ಒಂದೇ ಹಾಳೆಯಲ್ಲಿ ಹಾಕಿ, ರೈತರ ಹೆಸರು ತೆಗೆದು, ಇಲಾಖೆಯ ಮೂಲಕ ಕಳಿಸಿದೆವು. ಶಾಸಕರು ಆ ಹಾಳೆಯನ್ನು ಗ್ರಾಮಸಭೆಗೆ ಒಯ್ದರಂತೆ. ಊರವರು ಅದನ್ನು ಓದಿ, ಒಂದು ಸರ್ವೆ ನಂಬರಿನ ಮೇಲೆ ಬೆರಳಿಟ್ಟು, ಇದಕ್ಕೆ ಬೋರ್‌ವೆಲ್ ನೀರು ಹಾಯುತ್ತದೆ, ಮಳೆಯಾಶ್ರಿತ ರಾಗಿಯ ಲೆಕ್ಕದಲ್ಲಿ ಹೇಗೆ ಬಂತು ಎಂದು ಕೇಳಿದರು. ಅದು ಪರಿಶೀಲಿಸಬಹುದಾದ ಪ್ರಶ್ನೆ. ಅರ್ಜಿಯಾಗಿ ಸರಿಯಾದ ಅಧಿಕಾರಿಗೆ ಹೋಯಿತು. ಜಿಲ್ಲೆಯ ಐದು ವರ್ಷದ ಕೋಷ್ಟಕ ನೋಡಿ ಯಾವ ರೈತನೂ ಇಷ್ಟು ನಿಖರವಾಗಿ ಸರ್ಕಾರವನ್ನು ಪ್ರಶ್ನಿಸಲಾರ. ಜನರ ಕೈಗೆ ಇಂಥ ಹಾಳೆ ಸೇರಿಸುವುದೇ ನಮ್ಮ ಕೆಲಸದ ಸಾರ್ಥಕತೆ ಎಂದು ನಾನು ನಂಬಿದ್ದೇನೆ.

ಕೊಡಬಾರದ್ದು ಎಂಬ ವಿಷಯಕ್ಕೆ ಬರೋಣ. ಒಂದು ಸಲ ವಿಧವಾ ವೇತನ ಪಡೆಯುವ ಹೆಣ್ಣುಮಕ್ಕಳ ಹೆಸರು, ಊರು, ಮೊಬೈಲ್ ನಂಬರಿನ ಪಟ್ಟಿ ಬೇಕೆಂದು ಪತ್ರ ಬಂತು. ಉದ್ದೇಶ ಒಳ್ಳೆಯದೇ, ಒಂದು ತರಬೇತಿ ಯೋಜನೆಯ ಸುದ್ದಿ ಅವರಿಗೆ ಮುಟ್ಟಿಸುವುದು. ಆದರೆ ಒಂಟಿಯಾಗಿ ಬದುಕುವ ಸಾವಿರಾರು ಹೆಂಗಸರ ವಿಳಾಸ ಮತ್ತು ಫೋನ್ ನಂಬರ್ ಒಂದು ಎಕ್ಸೆಲ್ ಕಡತವಾಗಿ ಕೈಯಿಂದ ಕೈಗೆ ಹೋಗುವುದೆಂದರೆ ಏನೆಂದು ಯೋಚಿಸಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಪಟ್ಟಿ ಕೊಡುವುದಿಲ್ಲ ಎಂದು ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ಪಟ್ಟಿ ಯಾರ ಬಳಿ ಇದೆಯೋ ಅವರೇ ಆ ಸಂದೇಶವನ್ನು ಎಸ್‌ಎಂಎಸ್ ಮಾಡಲಿ ಎಂದು ಏರ್ಪಾಡು ಮಾಡಿದೆವು. ಸುದ್ದಿ ಮುಟ್ಟಿತು, ಒಂದು ನಂಬರೂ ಹೊರಗೆ ಹೋಗಲಿಲ್ಲ.

ಬೇಡಿಕೆಗಳಿಗೆ ಮಳೆಬೆಳೆಯ ಹಾಗೆ ಕಾಲವಿದೆ. ಅಧಿವೇಶನಕ್ಕೆ ಮುಂಚೆ, ಬಜೆಟ್ ತಯಾರಿಯಲ್ಲಿ, ಕೆಡಿಪಿ ಸಭೆಯ ಹಿಂದಿನ ವಾರ, ಮುಂಗಾರು ಕೈಕೊಟ್ಟಾಗ. ಬಂದ ಪತ್ರಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟು ನೋಡಿದಾಗ ಬಹುಪಾಲು ಪ್ರಶ್ನೆಗಳು ಹೋದ ವರ್ಷದವೇ ಎಂದು ಗೊತ್ತಾಯಿತು. ಅವಕ್ಕೆ ಉತ್ತರ ಮೊದಲೇ ಸಿದ್ಧಪಡಿಸಿ ಪ್ರಕಟಿಸಿದರೆ ತುರ್ತು ಎಂಬ ಕೆಂಪು ಮೊಹರಿನ ಅರ್ಧ ಕೆಲಸ ಮುಗಿಯುತ್ತದೆ.

ಬರ ಘೋಷಣೆ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆ, ಸತತ ಒಣಹವೆ, ಬಿತ್ತನೆ ವಿಸ್ತೀರ್ಣ, ಮಣ್ಣಿನ ತೇವಾಂಶ, ಉಪಗ್ರಹ ತೋರಿಸುವ ಹಸಿರು, ಇವನ್ನೆಲ್ಲ ಯಾವ ಕ್ರಮದಲ್ಲಿ ನೋಡಬೇಕೆಂದು ಮುಂಚೆಯೇ ಹೇಳಿದೆ. ನಮ್ಮಲ್ಲಿ ಪಂಚಾಯಿತಿ ಮಟ್ಟದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. 2023ರಲ್ಲಿ ಮೊದಲು 195 ತಾಲ್ಲೂಕು, ಕೊನೆಗೆ 236ರ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಮೊತ್ತಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಅದು ಬೇರೆ ವಿಷಯ. ಪ್ರಶ್ನೆ ಮೊದಲೇ ಇತ್ಯರ್ಥವಾಗಿದ್ದರೆ ಅಂಕಿ ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ ಎಂಬುದಷ್ಟೇ ನಾನು ಇಲ್ಲಿ ಹೇಳುವುದು.

ಆ 236ನ್ನು ಇನ್ನೊಮ್ಮೆ ನೋಡಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿದ್ದ ತಾಲ್ಲೂಕುಗಳು 175. ಹಿಂದುಳಿದವೆಂದು ಅದು ಗುರುತಿಸಿದ್ದು 114. ಆಮೇಲೆ ತಾಲ್ಲೂಕುಗಳು ಒಡೆದವು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾಯಿತು. ಇಪ್ಪತ್ತು ವರ್ಷದಲ್ಲಿ ನಮ್ಮ ತಾಲ್ಲೂಕು ಎಷ್ಟು ಮುಂದೆ ಬಂತು ಎಂದು ಹೊಸ ತಾಲ್ಲೂಕಿನವರು ಕೇಳಿದರೆ, ಆ ತಾಲ್ಲೂಕಿಗೆ ಇಪ್ಪತ್ತು ವರ್ಷದ ಹಿಂದಿನ ಅಂಕಿಯೇ ಇಲ್ಲ. ತಾಯಿ ತಾಲ್ಲೂಕಿನ ಸರಾಸರಿಯನ್ನೇ ಇಳಿಸಿ ಕೊಡುವ ಅಭ್ಯಾಸವನ್ನು ನಾನು ಒಪ್ಪಲಿಲ್ಲ. ನೀರಾವರಿಯ ಹೋಬಳಿ ಹಳೆಯ ತಾಲ್ಲೂಕಿಗೆ ಉಳಿದು, ಒಣ ಹೋಬಳಿ ಹೊಸದಕ್ಕೆ ಬಂದಿದ್ದರೆ ಆ ಸರಾಸರಿ ಎರಡೂ ಕಡೆಯವರಿಗೆ ಅನ್ಯಾಯ. ಹಳ್ಳಿಯ ಕೋಡ್ ಹಿಡಿದು ಕೆಳಗಿನಿಂದ ಮತ್ತೆ ಕೂಡಿಸುವುದೊಂದೇ ದಾರಿ. ಬೇಸರದ ಕೆಲಸ, ಯಾರೂ ಪತ್ರ ಬರೆದು ಕೇಳದ ಕೆಲಸ. ಕೇಳದಿರುವ ಬೇಡಿಕೆಯನ್ನೂ ಕಂಡುಕೊಳ್ಳುವುದು ಈ ಹುದ್ದೆಯ ಒಂದು ಭಾಗ.

ಈಗ ಹಾಗೆ ಮತ್ತೆ ಕೂಡಿಸುವ ಕೆಲಸಕ್ಕೆ ಗಡುವು ಬಂದಿದೆ. 2011ರ ನಂತರದ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಪಡಿತರದಿಂದ ಹಿಡಿದು ಶಾಲೆಯ ಕೊಠಡಿಯವರೆಗೆ ಎಲ್ಲವೂ ಇದುವರೆಗೆ 2011ರ 6.11 ಕೋಟಿಯ ಮೇಲೆ ನಿಂತಿದೆ. ಹೊಸ ಅಂಕಿ ಹೊರಬಿದ್ದ ವಾರವೇ ಎಲ್ಲ ಇಲಾಖೆಗಳೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಯಾವ ಕೋಷ್ಟಕ ಯಾವ ತೀರ್ಮಾನಕ್ಕೆ ಬೇಕು ಎಂದು ಪ್ರತಿ ಇಲಾಖೆಯೂ ಇಂದೇ ಬರೆದು ಕೊಡಬೇಕು. ಹಳೆಯ 175 ತಾಲ್ಲೂಕುಗಳ ಹಳ್ಳಿಗಳನ್ನು ಇಂದಿನ ತಾಲ್ಲೂಕುಗಳ ಹಳ್ಳಿಗಳಿಗೆ ಜೋಡಿಸುವ ಪಟ್ಟಿ ಅಷ್ಟರಲ್ಲಿ ಸಿದ್ಧವಿರಬೇಕು. ಕೆಲವು ಜಿಲ್ಲೆಗಳಲ್ಲಿ ನನ್ನ ಕಿರಿಯ ಸಹೋದ್ಯೋಗಿಗಳು ಆ ಪಟ್ಟಿಗೆ ಕೈಹಾಕಿದ್ದಾರೆ. ಉಳಿದ ಜಿಲ್ಲೆಗಳವರು ಪತ್ರಕ್ಕಾಗಿ ಕಾಯದೆ ಶುರುಮಾಡಲಿ ಎಂಬುದು ನನ್ನ ಕೋರಿಕೆ.