ಆಟದ ಪೀರಿಯಡ್ಡು: ಮಾಡಬೇಕಾದ್ದು, ಮಾಡಬಾರದ್ದು

ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರು, ದೈಹಿಕ ಶಿಕ್ಷಕರು, ತರಗತಿ ಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರ ಗಮನಕ್ಕೆ.

ಆಟದ ಪೀರಿಯಡ್ಡು ಶಾಲೆಯ ಪ್ರತಿ ಮಗುವಿಗೂ ಸೇರಿದ್ದು. ಓಟದಲ್ಲಿ ಮುಂದಿರುವ ನಾಲ್ಕಾರು ಮಕ್ಕಳಿಗಷ್ಟೇ ಅಲ್ಲ. ಗಣಿತದ ಪಾಠ ಬಾಕಿ ಉಳಿಸಿಕೊಂಡ ಮೇಷ್ಟ್ರಿಗಂತೂ ಅಲ್ಲವೇ ಅಲ್ಲ.

ಮಾಡಬೇಕಾದ್ದು

ವೇಳಾಪಟ್ಟಿಯಲ್ಲಿರುವ ಆಟದ ಪೀರಿಯಡ್ಡು ನಡೆಯಲೇಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರರಿಂದ ಎಂಟನೇ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಬಿಇಒ ಕಚೇರಿಗೆ ಬರೆಯಿರಿ, ಉತ್ತರ ಬರುವ ತನಕ ಬರೆಯುತ್ತಲೇ ಇರಿ. ಅಲ್ಲಿಯವರೆಗೆ ತರಗತಿ ಶಿಕ್ಷಕರೇ ಮಕ್ಕಳ ಜತೆ ಮೈದಾನಕ್ಕಿಳಿಯಬೇಕು. ಕೊಕ್ಕೊ, ಲಗೋರಿ, ಕುಂಟೆಬಿಲ್ಲೆ ಆಡಿಸಲು ಡಿಪ್ಲೊಮಾ ಬೇಕಿಲ್ಲ.

ನಲವತ್ತು ಮಕ್ಕಳಿಗೆ ಒಂದೇ ಚೆಂಡು ಕೊಟ್ಟು ನೆರಳಲ್ಲಿ ಕುಳಿತರೆ ಆಡುವವರು ಹತ್ತು ಜನ, ಉಳಿದವರು ಪ್ರೇಕ್ಷಕರು. ಮಕ್ಕಳನ್ನು ಎಂಟೆಂಟರ ಗುಂಪು ಮಾಡಿ. ಒಂದು ಗುಂಪಿಗೆ ಚೆಂಡು, ಒಂದಕ್ಕೆ ಸ್ಕಿಪ್ಪಿಂಗ್ ಹಗ್ಗ, ಒಂದಕ್ಕೆ ರಿಲೇ, ಇನ್ನೊಂದಕ್ಕೆ ಲಗೋರಿ. ಹತ್ತು ನಿಮಿಷಕ್ಕೊಮ್ಮೆ ಗುಂಪು ಬದಲಿಸಿ. ಔಟಾದವರು ಮೂಲೆ ಸೇರುವ ಆಟಗಳಲ್ಲಿ ಎಲ್ಲರಿಗಿಂತ ಮೊದಲು ಕೂರುವುದು ಆಟ ಅತಿ ಹೆಚ್ಚು ಬೇಕಾದ ಮಗುವೇ. ಔಟಾದ ಮಗು ಐದು ಸಲ ಹಗ್ಗ ಹಾರಿ ಮತ್ತೆ ಒಳಗೆ ಬರಲಿ.

ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ತಾವಾಗಿಯೇ ಆಟ ಬಿಟ್ಟರೆಂದು ಸುಮ್ಮನಾಗಬೇಡಿ. ಓಡಲು ಅನುಕೂಲವಾದ ಉಡುಪು, ನೀರು ಬರುವ ಶೌಚಾಲಯ, ಹುಡುಗರು ಆಕ್ರಮಿಸದ ಅರ್ಧ ಮೈದಾನ ಇವೆಯೇ ಎಂದು ಮೊದಲು ನೋಡಿ. ಅಂಗವಿಕಲ ಮಗುವಿಗೂ ಉಳಿದವರಷ್ಟೇ ಆಟದ ಅವಕಾಶ ಕೊಡಬೇಕೆಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾತು. ಸ್ಕೋರ್ ಬರೆಯಲು ಕೂರಿಸಿದರೆ ಆ ಅವಕಾಶ ಕೊಟ್ಟಂತಾಗದು.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಅನುದಾನವಿದೆ. ಏನು ಕೊಂಡಿರಿ ಎಂಬುದನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ. ಸವೆದ ಚೆಂಡಿಗಾಗಿ ಯಾರನ್ನೂ ಗದರಬೇಡಿ. ಬೀರುವಿನಲ್ಲಿ ಹೊಸದಾಗಿಯೇ ಉಳಿದ ಚೆಂಡಿಗೆ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕು.

ಮಾಡಬಾರದ್ದು

ಹೋಂವರ್ಕ್ ಮಾಡಿಲ್ಲವೆಂದು ಆಟ ತಪ್ಪಿಸಬಾರದು. ತಪ್ಪಿಗೆ ಶಿಕ್ಷೆಯಾಗಿ ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು ಬೇಡವೇ ಬೇಡ. ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ಇದು ತಪ್ಪೇ: ಓಟವನ್ನು ಶಿಕ್ಷೆಯಾಗಿ ಕಂಡ ಮಗು ಓಟವನ್ನೇ ದ್ವೇಷಿಸಲು ಕಲಿಯುತ್ತದೆ.

ಕ್ಲಸ್ಟರ್ ಕ್ರೀಡಾಕೂಟ ಹತ್ತಿರ ಬಂತೆಂದು ತಂಡದ ಮಕ್ಕಳಿಗೇ ಮೈದಾನ ಬಿಟ್ಟುಕೊಟ್ಟು ಉಳಿದವರನ್ನು ಕೊಠಡಿಯಲ್ಲಿ ಕೂರಿಸಬಾರದು. ತಂಡದ ಅಭ್ಯಾಸ ಶಾಲೆ ಬಿಟ್ಟ ಮೇಲೆ ನಡೆಯಲಿ.

ಬಿಸಿಯೂಟ ಮುಗಿದ ಕೂಡಲೇ ಓಡಿಸಬೇಡಿ. ತಿಂಡಿ ತಿನ್ನದೆ ಬಂದ ಮಕ್ಕಳು ಯಾರೆಂದು ಮೆಲ್ಲಗೆ ವಿಚಾರಿಸಿ, ಅವರಿಗೆ ಹಗುರ ಆಟ ಕೊಡಿ. ರಾಯಚೂರು, ಕಲಬುರಗಿ ಕಡೆಯ ಶಾಲೆಗಳು ಮಾರ್ಚ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮಕ್ಕಳನ್ನು ಇಳಿಸಲೇಬಾರದು. ಆಟ ಬೆಳಗಿನ ಮೊದಲ ಪೀರಿಯಡ್ಡಿಗೆ ಬರಲಿ, ಕುಡಿಯುವ ನೀರು ಮೈದಾನದ ಅಂಚಿನಲ್ಲೇ ಇರಲಿ.

ಅಂಕಣದ ಗೆರೆ ಎಳೆಯಲು ಸುಣ್ಣದ ಪುಡಿ ಬಳಸಬಾರದು. ಕಣ್ಣಿಗೆ ಬಿದ್ದರೆ ಅದು ಸುಡುತ್ತದೆ, ದೃಷ್ಟಿಗೇ ಅಪಾಯ. ಕಲ್ಲಿನ ರಂಗೋಲಿ ಪುಡಿ ಸಾಕು. ಸುಣ್ಣ ಬಿದ್ದೇ ಬಿಟ್ಟರೆ ಉಜ್ಜಲು ಬಿಡದೆ, ಶುದ್ಧ ನೀರನ್ನು ಧಾರೆಯಾಗಿ ಹಾಯಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತಲೆಗೆ ಪೆಟ್ಟು ಬಿದ್ದ ಮಗು ‘ಏನೂ ಆಗಿಲ್ಲ ಸಾರ್’ ಎಂದರೂ ಅಂದು ಮತ್ತೆ ಆಡಿಸಬಾರದು. ವಾಂತಿ, ಮಂಪರು ಕಂಡರೆ ಪೋಷಕರು ಬರಲೆಂದು ಕಾಯದೆ 108ಕ್ಕೆ ಕರೆ ಮಾಡಿ.