ಲೋಣಾವಳಾ: ಮೊದಲು ವಾರ ನೋಡಿ, ಆಮೇಲೆ ರೂಮು

ಲೋಣಾವಳಾದ ಯಾವುದಾದರೂ ಲಾಡ್ಜಿಗೆ ಫೋನು ಮಾಡಿ "ರೂಮಿಗೆ ಎಷ್ಟು?" ಅಂತ ಕೇಳಿ ನೋಡಿ. ರೇಟು ಹೇಳುವ ಮೊದಲು "ಯಾವತ್ತು ಬರ್ತೀರಿ?" ಅನ್ನುವ ಪ್ರಶ್ನೆ ಆ ಕಡೆಯಿಂದ ಬರುತ್ತದೆ. ಈ ಊರಿನ ಬಾಡಿಗೆಯ ಗುಟ್ಟೆಲ್ಲ ಆ ಪ್ರಶ್ನೆಯಲ್ಲೇ ಇದೆ. ಪುಣೆಯಿಂದ 64 ಕಿ.ಮೀ., ಮುಂಬೈಯಿಂದ ಎಂಬತ್ತು ಚಿಲ್ಲರೆ. ಎರಡು ಮಹಾನಗರಗಳ ನಡುವೆ, ಸಹ್ಯಾದ್ರಿಯ ನೆತ್ತಿಯ ಮೇಲೆ, 620 ಮೀಟರಿಗೂ ಎತ್ತರದಲ್ಲಿ ಕೂತ ಪುಟ್ಟ ಊರು ಇದು. ಶುಕ್ರವಾರ ಸಂಜೆ ಎರಡೂ ಕಡೆಯಿಂದ ಕಾರುಗಳು ನುಗ್ಗುತ್ತವೆ, ಭಾನುವಾರ ಸಂಜೆ ಮರಳುತ್ತವೆ. ಆ ನಗರದವರಿಗೆ ಇರುವುದು ಶನಿವಾರ, ಭಾನುವಾರ ಮಾತ್ರ. ಹುಬ್ಬಳ್ಳಿ, ಕಲಬುರಗಿ, ಬೆಂಗಳೂರಿನಿಂದ ರಜೆ ಹಾಕಿ ಹೊರಡುವ ನಮಗೆ ವಾರವಿಡೀ ಇದೆ. ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಉಳಿದು ಬರಲು ಇದಕ್ಕಿಂತ ದೊಡ್ಡ ಬಂಡವಾಳ ಬೇಕಿಲ್ಲ.

1. ಭಾನುವಾರ ರಾತ್ರಿ ಒಳಗೆ ಹೋಗಿ, ಗುರುವಾರ ಹೊರಗೆ ಬನ್ನಿ

ಭಾನುವಾರ ಸಂಜೆ ಊರು ಖಾಲಿಯಾಗುವ ಹೊತ್ತಿಗೆ ತಲುಪುವವರ ಮಾತಿಗೆ ಬೆಲೆ ಇರುತ್ತದೆ. ಶನಿವಾರ "ಒಂದೇ ರೂಮು ಉಳಿದಿದೆ" ಅಂದ ಮ್ಯಾನೇಜರೇ ಸೋಮವಾರ ಮೂರು ರೂಮಿನ ಬಾಗಿಲು ತೆಗೆದು ತೋರಿಸುತ್ತಾನೆ. ಎರಡು ರಾತ್ರಿಗಿಂತ ಹೆಚ್ಚು ಉಳಿಯುತ್ತೇವೆ ಅಂದರೆ ಇನ್ನಷ್ಟು ಇಳಿಯುತ್ತಾನೆ. ರಿಯಾಯಿತಿ ಕೇಳಲು ನಾಚಿಕೆ ಬೇಡ. "ಥೋಡಂ ಕಮೀ ಕರಾ" ಅನ್ನುವಷ್ಟು ಮರಾಠಿ ಸಾಕು. ಹಳೇ ಹೆದ್ದಾರಿಯ ಆಸುಪಾಸಿನ ಹೋಟೆಲುಗಳಲ್ಲಿ ನಮ್ಮ ಕರಾವಳಿಯವರು ಗಲ್ಲಾದಲ್ಲಿ ಕೂತಿರುವುದೇನೂ ಅಪರೂಪವಲ್ಲ. ಅಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಮಾತು ತೆಗೆದರೆ ಬಾಡಿಗೆ ಇಳಿಯುತ್ತದೆ ಅಂತ ಖಾತ್ರಿ ಕೊಡಲಾರೆ. ಯಾವ ರೂಮಿನಲ್ಲಿ ನೀರು ಸರಿಯಾಗಿ ಬರುತ್ತದೆ ಅನ್ನುವ ಸತ್ಯವಂತೂ ಹೊರಬೀಳುತ್ತದೆ.

2. ಎರಡು ರಾಜ್ಯಗಳ ರಜಾಪಟ್ಟಿ ಪಕ್ಕಪಕ್ಕ ಇಟ್ಟುಕೊಳ್ಳಿ

ಪ್ರವಾಸದ ಪುಸ್ತಕಗಳಲ್ಲಿ ಸಿಗದ ಸೂತ್ರ ಇದು, ನಮ್ಮವರಿಗೆ ಮಾತ್ರ ಲಾಭ. ನವೆಂಬರ್ 1 ನಮಗೆ ರಾಜ್ಯೋತ್ಸವ, ಮಹಾರಾಷ್ಟ್ರಕ್ಕೆ ಮಾಮೂಲಿ ದಿನ. ಕನಕ ಜಯಂತಿಯೂ ಹಾಗೆಯೇ. ಇವು ವಾರದ ನಡುವೆ ಬಿದ್ದರೆ ಹಿಂದೆಮುಂದೆ ಒಂದೆರಡು ದಿನ ರಜೆ ಸೇರಿಸಿ ಹೊರಟುಬಿಡಿ. ಮಳೆ ನಿಂತಿರುತ್ತದೆ, ಗುಡ್ಡದ ಹಸಿರು ಇನ್ನೂ ಆರಿರುವುದಿಲ್ಲ. ಆದರೆ ಅದೇ ವಾರ ದೀಪಾವಳಿ ಬಂದರೆ ಲೆಕ್ಕ ತಲೆಕೆಳಗು. ಅಲ್ಲಿಯ ಶಾಲೆಗಳ ದೊಡ್ಡ ರಜೆ ದೀಪಾವಳಿಗೇ. ನಮ್ಮ ಮಕ್ಕಳಿಗೆ ದಸರೆಗೆ ಸಿಗುವ ಉದ್ದನೆಯ ರಜೆ ಅಲ್ಲಿಯ ಮಕ್ಕಳಿಗೆ ಇಲ್ಲ. ಹಾಗಾಗಿ ದಸರಾ ರಜೆಯ ವಾರದ ದಿನಗಳು ನಮ್ಮ ಪಾಲಿಗೆ ಒಳ್ಳೆಯವು. ಒಂದೇ ತೊಡಕು: ನವರಾತ್ರಿಯಲ್ಲಿ ಹತ್ತಿರದ ಕಾರ್ಲಾದ ಏಕವೀರಾ ದೇವಿಯ ದರ್ಶನಕ್ಕೆ ಕೋಲಿ, ಆಗ್ರಿ ಸಮುದಾಯದವರು ಸಾವಿರಗಟ್ಟಲೆ ಬರುತ್ತಾರೆ. ಆ ದಿನಗಳಲ್ಲಿ ಕಾರ್ಲಾ ಕಡೆ ರೂಮು ಹುಡುಕಬೇಡಿ, ವಿಜಯದಶಮಿ ಕಳೆಯಲಿ. ಚೈತ್ರದ ಜಾತ್ರೆಗೂ ಇದೇ ಮಾತು.

ತಪ್ಪಿಸಬೇಕಾದವು: ಆಗಸ್ಟ್ 15ರ ಆಸುಪಾಸು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಶನಿ-ಭಾನುವಾರಕ್ಕೆ ಅಂಟಿಕೊಂಡ ಫೆಬ್ರವರಿ 19ರ ಶಿವಾಜಿ ಜಯಂತಿ, ಮೇ 1ರ ಮಹಾರಾಷ್ಟ್ರ ದಿನ.

3. ಗುಡ್ಡದ ನೋಟಕ್ಕೆ ಬಾಡಿಗೆ ಕೊಡಬೇಡಿ, ಸ್ಟೇಷನ್ನಿನ ಹತ್ತಿರ ಇರಿ

"ವ್ಯಾಲಿ ವ್ಯೂ" ಅನ್ನುವ ಎರಡು ಪದಗಳಿಗೆ ಇಲ್ಲಿ ಪ್ರತ್ಯೇಕ ರೇಟು. ಮಳೆಗಾಲದಲ್ಲಿ ಆ ಕಣಿವೆ ಮಂಜಿನ ಹಿಂದೆ ಅಡಗಿರುತ್ತದೆ. ಕಿಟಕಿ ತೆರೆದರೆ ಕಾಣುವುದು ಬಿಳಿ ಗೋಡೆ, ಅದೂ ದುಬಾರಿ ಗೋಡೆ. ಉಳಿದ ಕಾಲದಲ್ಲಿ ಹಗಲೆಲ್ಲ ನೀವು ಹೊರಗೆ ತಿರುಗುತ್ತಿರುತ್ತೀರಿ. ತುಂಗಾರ್ಲಿ, ಖಂಡಾಳಾ ಕಡೆಯ ಏರಿನಲ್ಲಿ ಅಗ್ಗದ ರೂಮು ಸಿಕ್ಕಿತು ಅಂದುಕೊಂಡರೂ ಪ್ರತಿ ಸಲ ಊಟಕ್ಕೆ ಇಳಿಯಲು ಆಟೋ ಬೇಕು. ಇಲ್ಲಿಯ ಆಟೋಗಳಿಗೆ ಮೀಟರ್ ಹಾಕುವ ರೂಢಿ ಇಲ್ಲ, ಬಾಯಿಲೆಕ್ಕ. ಬಾಡಿಗೆಯಲ್ಲಿ ಉಳಿಸಿದ್ದು ಎರಡೇ ದಿನದಲ್ಲಿ ಆಟೋದವನ ಜೇಬು ಸೇರುತ್ತದೆ.

ರೈಲ್ವೆ ಸ್ಟೇಷನ್ನು, ಬಜಾರಿನಿಂದ ನಡೆದು ಹೋಗುವಷ್ಟು ದೂರದ ಸಾದಾ ಲಾಡ್ಜು ಕಣ್ಣಿಗೆ ಚಂದ ಕಾಣದಿರಬಹುದು, ಆದರೆ ಊಟ, ಬಸ್ಸು, ಲೋಕಲ್ ರೈಲು ಎಲ್ಲವೂ ಕಾಲ್ನಡಿಗೆಯಲ್ಲಿ. ಹಳಿಗೆ ಅಂಟಿಕೊಂಡ ರೂಮು ಮಾತ್ರ ಬೇಡ. ಇಲ್ಲಿಗೆ ಏರುವ ಬೋರ್ ಘಾಟಿಯಲ್ಲಿ 37 ಅಡಿ ಸಾಗಿದರೆ 1 ಅಡಿ ಏರು. ಘಾಟಿಯ ಬುಡದ ಕರ್ಜತ್‌ನಲ್ಲಿ ಗಾಡಿಯ ಹಿಂಬದಿಗೆ ಜೋಡಿಸಿದ ಹೆಚ್ಚುವರಿ ಎಂಜಿನ್ನುಗಳು ನೂಕುತ್ತಾ ಗಾಡಿಗಳನ್ನು ರಾತ್ರಿಯಿಡೀ ಮೇಲೆ ತರುತ್ತವೆ. 1863ರಲ್ಲಿ ಬೋರ್ ಘಾಟಿನ ದಾರಿ ತೆರೆದಾಗಿನಿಂದ ಊರಿಗೆ ಅನ್ನ ಕೊಟ್ಟದ್ದೇ ಈ ರೈಲು. ನಿದ್ದೆ ಕೊಡುವ ಹೊಣೆ ಅದು ಹೊತ್ತಿಲ್ಲ.

4. ಲೋಣಾವಳಾದಲ್ಲೇ ಮಲಗಬೇಕೆಂಬ ಹಟ ಬೇಕೆ?

ಪುಣೆ-ಲೋಣಾವಳಾ ಲೋಕಲ್ ಈ ಕಡೆಯ ಬಡವರ ಬಂಧು. ಶಿವಾಜಿನಗರ, ಚಿಂಚವಡ, ತಳೇಗಾಂವ್, ಕಾಮಶೇತ್, ಮಳವಲಿ ದಾಟಿ ಒಂದೂವರೆ ಗಂಟೆಯೊಳಗೆ ಲೋಣಾವಳಾ. ಟಿಕೆಟ್ಟಿನ ದರ ಒಂದು ಪ್ಲೇಟ್ ಇಡ್ಲಿಯ ಬೆಲೆಯನ್ನೂ ಮುಟ್ಟುವುದಿಲ್ಲ. ಶನಿವಾರವೇ ಹೋಗಬೇಕಾದ ಅನಿವಾರ್ಯ ಇದ್ದರೆ ಪುಣೆಯಲ್ಲೋ ಚಿಂಚವಡದಲ್ಲೋ ರೂಮು ಮಾಡಿ, ಬೆಳಗಿನ ಲೋಕಲ್ ಹಿಡಿದು ಹೋಗಿ ಸಂಜೆಗೆ ಮರಳಿ. ವಾರಾಂತ್ಯದಲ್ಲಿ ಘಟ್ಟದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುವಾಗ ಹಳಿಯ ಮೇಲೆ ನೀವು ಆರಾಮ. ಮಧ್ಯಾಹ್ನದ ಹೊತ್ತು ಲೋಕಲ್‌ಗಳ ನಡುವಿನ ಅಂತರ ಹೆಚ್ಚು; ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ.

ಪ್ರವಾಸಿ ಊರುಗಳ ಲೆಕ್ಕ ಎಲ್ಲೆಡೆ ಹೀಗೇ. ಪುದುಚೇರಿಯ ಹಳೇ ಫ್ರೆಂಚ್ ಬೀದಿಗಳಲ್ಲಿ ಮಲಗುವುದಕ್ಕೂ ನಾಲ್ಕು ಬೀದಿ ಆಚೆ ಮಲಗುವುದಕ್ಕೂ ಬಾಡಿಗೆಯಲ್ಲಿ ಅಂತರವಿದೆ. ಕೆನಡಾದ ಫ್ರೆಂಚ್ ಮಾತಾಡುವ ಪುರಾತನ ಊರು ಕ್ವಿಬೆಕ್‌ಗೆ ಹೋಗುವವರೂ ಕೋಟೆಗೋಡೆಯ ಒಳಗೆ ಉಳಿಯದೆ, ನದಿಯಾಚೆಯ ಲೆವಿಯಲ್ಲಿ ಉಳಿದು ಫೆರಿಯಲ್ಲಿ ಬಂದು ಹೋಗಬಹುದು. ನಮಗೆ ಫೆರಿಯ ಬದಲು ಲೋಕಲ್.

5. ಇತಿಹಾಸ ಬೇಕೆಂದರೆ ಮಳವಲಿ-ಕಾರ್ಲಾ ಕಡೆ ಠಿಕಾಣಿ

ಲೋಣಾವಳಾದಿಂದ ಪುಣೆ ಕಡೆಗೆ ಒಂದೇ ಸ್ಟೇಷನ್ ಮಳವಲಿ. ಒಂದು ಬದಿಗೆ ಭಾಜಾ ಗುಹೆಗಳು, ಲೋಹಗಡ, ವಿಸಾಪುರ ಕೋಟೆಗಳು. ಇನ್ನೊಂದು ಬದಿಗೆ ಹೆದ್ದಾರಿ ದಾಟಿದರೆ ಕಾರ್ಲಾ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ರೆಸಾರ್ಟ್ ಕಾರ್ಲಾದಲ್ಲಿ ಹಳೇ ಮುಂಬೈ-ಪುಣೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಸರ್ಕಾರಿ ಜಾಗ, ನೇರ ಬುಕಿಂಗ್, ಮಧ್ಯವರ್ತಿಯ ಕಾಟವಿಲ್ಲ. ವಾರದ ದಿನಗಳ ದರವನ್ನು ಮೊದಲು ಅಲ್ಲಿ ನೋಡಿ, ಆಮೇಲೆ ಉಳಿದವರೊಂದಿಗೆ ಚೌಕಾಶಿಗೆ ಇಳಿಯಿರಿ.

ಕಾರ್ಲಾ ಗುಹೆಗಳ ಮೆಟ್ಟಿಲು ಹತ್ತಲು ಕನ್ನಡಿಗರಿಗೆ ಒಂದು ಖಾಸಾ ಕಾರಣವೂ ಇದೆ. ಸುಮಾರು ಎರಡು ಸಾವಿರ ವರ್ಷ ಹಳೆಯ ಅಲ್ಲಿನ ಮಹಾಚೈತ್ಯ ನಮ್ಮ ದೇಶದ ಬಂಡೆ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು, ಸುಮಾರು 45 ಮೀಟರ್ ಉದ್ದ. ಚಾವಣಿಯ ಕಮಾನುಗಳಲ್ಲಿ ಮರದ ತೊಲೆಗಳು ಇಂದಿಗೂ ನಿಂತಿವೆ. ಅಲ್ಲಿಯ ಶಾಸನವೊಂದು ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎನ್ನುತ್ತದೆ. ವೈಜಯಂತಿ ಎಂದರೆ ವಿದ್ವಾಂಸರು ಗುರುತಿಸುವಂತೆ ನಮ್ಮ ಬನವಾಸಿ. ಉತ್ತರ ಕನ್ನಡದ ವ್ಯಾಪಾರಿಯೊಬ್ಬ ಇಲ್ಲಿಗೆ ಅಷ್ಟು ದುಡ್ಡು ಸುರಿದ. ನಾವು ಪುರಾತತ್ವ ಇಲಾಖೆಗೆ 25 ರೂಪಾಯಿ ಕೊಟ್ಟು ಒಳಗೆ ಹೋಗುತ್ತೇವೆ. ಇಡೀ ಪ್ರವಾಸದಲ್ಲಿ ಇಷ್ಟು ಸದುಪಯೋಗವಾಗುವ ದುಡ್ಡು ಇನ್ನೊಂದಿಲ್ಲ.

ಲೋಹಗಡ 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ, ಮರಾಠರ 12 ಕೋಟೆಗಳಲ್ಲಿ ಒಂದಾಗಿ. ವಾರಾಂತ್ಯದಲ್ಲಿ ಅಲ್ಲಿಯ ಮೆಟ್ಟಿಲುಗಳ ಮೇಲೆ ಜನಜಂಗುಳಿ. ಮಳವಲಿಯ ಹತ್ತಿರ ಉಳಿದವರು ವಾರದ ದಿನ ಬೆಳಿಗ್ಗೆಯೇ ಹತ್ತಿ, ಚೇಳಿನ ಬಾಲದಂತೆ ಚಾಚಿದ ವಿಂಚುಕಡಾದವರೆಗೆ ನಡೆದು, ಬಿಸಿಲೇರುವ ಮೊದಲು ಇಳಿದುಬಿಡಬಹುದು.

6. ಫೋನಿನಲ್ಲಿ ಕೇಳಬೇಕಾದ್ದನ್ನು ಫೋನಿನಲ್ಲೇ ಕೇಳಿ ಮುಗಿಸಿ

ಚೆಕ್-ಔಟ್ ಎಷ್ಟಕ್ಕೆ? 24 ಗಂಟೆ ಲೆಕ್ಕವೋ, ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕೋ? ಬಿಸಿನೀರು ಯಾವ ಹೊತ್ತಿಗೆ? ಹಾಸಿಗೆ ಹೆಚ್ಚುವರಿ ಹಾಕಿದರೆ ಎಷ್ಟು, ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಬಿಟ್ಟಿ? ಹೇಳಿದ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯೋ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. 2,000ದ ರೂಮಿಗೆ 100 ರೂಪಾಯಿ, ಅಷ್ಟೆ. ಬಿಲ್ಲಿನಲ್ಲಿ ಹಳೇ ದರ ಕಂಡರೆ ಬೆರಳಿಟ್ಟು ತೋರಿಸಿ.

ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಬೆಳಗಾವಿ ಬಿಟ್ಟು ನಸುಕಿನಲ್ಲಿ ಪುಣೆ ಮುಟ್ಟುವವರಿಗೆ ಇನ್ನೊಂದು ಪ್ರಶ್ನೆ ಮುಖ್ಯ: ಬೇಗ ಬಂದರೆ ಸಾಮಾನು ಇಟ್ಟುಕೊಳ್ಳುತ್ತೀರಾ? ಬಹಳ ಕಡೆ ಒಪ್ಪುತ್ತಾರೆ. ಸಾಮಾನು ಅಲ್ಲಿಟ್ಟು, ಮುಖ ತೊಳೆದು, ಕಾರ್ಲಾ ನೋಡಿ ಬಂದರೆ ರೂಮು ತಯಾರಿರುತ್ತದೆ. ಅರ್ಧ ದಿನದ ಹೆಚ್ಚುವರಿ ಬಾಡಿಗೆ ಉಳಿಯಿತು.

ಎಸಿ ಬೇಡ ಅನ್ನಿ. ಏಪ್ರಿಲ್-ಮೇ ಬಿಟ್ಟರೆ ಇಲ್ಲಿ ಅದು ಗೋಡೆಯ ಅಲಂಕಾರ.

7. ಬಂಗಲೆಯ ಫೋಟೊಗೆ ಮರುಳಾಗಿ ಅಡ್ವಾನ್ಸ್ ಕಳಿಸಬೇಡಿ

ಹತ್ತು-ಹನ್ನೆರಡು ಮಂದಿಯ ಕುಟುಂಬವಾದರೆ ಬಂಗಲೆ ಹಿಡಿದು ತಲೆಗಿಷ್ಟು ಅಂತ ಹಂಚಿಕೊಳ್ಳುವುದು ಅಗ್ಗವೇ, ಅದೂ ವಾರದ ದಿನಗಳಲ್ಲಿ. ಆದರೆ ಈ ಊರಿನಲ್ಲಿ ಇಲ್ಲದ ಬಂಗಲೆಯನ್ನು ಬಾಡಿಗೆಗೆ ಕೊಡುವ ಮೋಸಗಾರರೂ ಇದ್ದಾರೆ. ಈಜುಕೊಳದ ಫೋಟೊ ಕಳಿಸುತ್ತಾರೆ, "ಇನ್ನೊಬ್ಬರು ಕೇಳ್ತಿದ್ದಾರೆ, ಈಗಲೇ ಅರ್ಧ ಹಾಕಿ" ಅನ್ನುತ್ತಾರೆ, ಹಾಕಿದ ಮೇಲೆ ಫೋನು ಎತ್ತುವುದಿಲ್ಲ. ವಿಡಿಯೊ ಕಾಲ್ ಮಾಡಿ ಗೇಟಿನಿಂದ ಅಡುಗೆಮನೆಯವರೆಗೆ ತೋರಿಸಲು ಹೇಳಿ. ದುಡ್ಡು ಹೋಗುವ ಖಾತೆಯ ಹೆಸರು ಯಾರದು ನೋಡಿ. ಡಿಪಾಸಿಟ್ ಎಷ್ಟು, ಯಾವಾಗ ವಾಪಸ್, ಅಡುಗೆಯವರ ಸಂಬಳ ಬೇರೆಯೋ ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಫೋನಿಟ್ಟು ಬೇರೆಡೆ ಕೇಳಿ. ಬರೀ ಹುಡುಗರ ಗುಂಪಾದರೆ ಅದನ್ನೂ ಮೊದಲೇ ಹೇಳಿಬಿಡಿ. ಬಾಗಿಲಲ್ಲಿ ನಿಂತು ಇಲ್ಲ ಅನ್ನಿಸಿಕೊಳ್ಳುವುದು ಬೇಡ. ಎಲ್ಲರ ಗುರುತಿನ ಚೀಟಿಯೂ ಜೊತೆಗಿರಲಿ.

8. ಮಳೆಗಾಲಕ್ಕೇ ಹೋಗುವುದಾದರೆ

ಹೋಗಬಾರದು ಅನ್ನಲಾರೆ, ಲೋಣಾವಳಾ ಅಂದರೆ ಮಳೆಯೇ. ಆಗುಂಬೆಯ ಮಳೆ ಕಂಡವರಿಗೆ ಬೆರಗಾಗದಿದ್ದರೂ ಉತ್ತರ ಕರ್ನಾಟಕದ ಬಯಲಿನಿಂದ ಬಂದವರಿಗೆ ಅದೊಂದು ದರ್ಶನ. ಆದರೆ ಆಗ ಅಗ್ಗದ ರೂಮುಗಳು ಮುಗ್ಗಲು ವಾಸನೆ ಹೊಡೆಯುತ್ತವೆ, ನೆಲಮಾಳಿಗೆಯವಂತೂ ಹೇಳುವುದೇ ಬೇಡ. ಮೊದಲ ಮಹಡಿಯದೋ ಅದಕ್ಕೂ ಮೇಲಿನದೋ, ಕಿಟಕಿ ಇರುವ ರೂಮು ಕೇಳಿ; ಅಡ್ವಾನ್ಸ್ ಕೊಡುವ ಮೊದಲು ಹಾಸಿಗೆ ಮುಟ್ಟಿ ನೋಡಿ. ಒಗೆದ ಬಟ್ಟೆ ಒಣಗುವುದಿಲ್ಲ; ಒಂದು ಜೊತೆ ಹೆಚ್ಚಿಗೆ ಇರಲಿ, ಟವೆಲ್ ಮನೆಯಿಂದಲೇ.

ಇಲ್ಲಿಯ ಭುಶಿ ಅಣೆಕಟ್ಟೆ ಒಂದು ಕಾಲದಲ್ಲಿ ರೈಲ್ವೆಯವರು ಉಗಿ ಎಂಜಿನ್ನುಗಳ ನೀರಿಗೆಂದು ಕಟ್ಟಿಸಿದ್ದು. ಈಗ ಅದರ ಮೆಟ್ಟಿಲುಗಳ ಮೇಲೆ ನೀರು ಹರಿಯುವುದನ್ನು ನೋಡಲು ಊರೇ ಸೇರುತ್ತದೆ. 2024ರ ಜೂನ್ 30ರಂದು ಅದರ ಹಿನ್ನೀರಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು, ಅವರಲ್ಲಿ ನಾಲ್ವರು ಮಕ್ಕಳು, ಕೊಚ್ಚಿಹೋದರು. ನೀರು ನಿಮಿಷಗಳಲ್ಲಿ ಏರಿತ್ತು. ಆ ಮೇಲೆ ಸಂಜೆ 6ರ ನಂತರ ಪ್ರವೇಶ ನಿಲ್ಲಿಸಿದರು. ಮಳೆಗಾಲದಲ್ಲಿ ಜಿಲ್ಲಾಡಳಿತ ಯಾವ ಜಾಗ ಮುಚ್ಚಿದೆ ಅನ್ನುವುದನ್ನು ಲಾಡ್ಜಿನವರನ್ನೇ ಕೇಳಿ, ರೂಮು ಕಾದಿರಿಸುವ ಮೊದಲೇ. ನೋಡಬೇಕೆಂದ ಜಾಗ ಮುಚ್ಚಿದ್ದರೆ ಆ ವಾರದ ಬಾಡಿಗೆ ಯಾಕೆ ಕೊಡಬೇಕು?

9. ವಾಪಸ್ ಟಿಕೆಟ್ ಪುಣೆಯಿಂದ ಮಾಡಿಸಿ

ಬೆಳಗಾವಿ, ಹುಬ್ಬಳ್ಳಿ ದಾರಿಯಲ್ಲಾಗಲಿ, ಕಲಬುರಗಿ, ರಾಯಚೂರು ದಾರಿಯ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಾಗಲಿ, ಪುಣೆಯಿಂದ ಹತ್ತುವ ಲೆಕ್ಕ ಇಟ್ಟುಕೊಂಡರೆ ಆಯ್ಕೆ ಹೆಚ್ಚು. ಬೆಳಿಗ್ಗೆ ರೂಮು ಖಾಲಿ ಮಾಡಿ ಲೋಕಲ್ ಹಿಡಿಯಿರಿ. ಪುಣೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಚೀಲ ಇಡಬಹುದು. ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ, ಚಿಕ್ಕ ಬೀಗವೊಂದು ಮನೆಯಿಂದಲೇ ಬರಲಿ. ಮನೆಗೆ ಒಯ್ಯುವ ಚಿಕ್ಕಿಯನ್ನು ಹಿಂದಿನ ದಿನ ಲೋಣಾವಳಾದ ಬಜಾರಿನಲ್ಲೇ, ಪೆಟ್ಟಿಗೆಯ ಬಣ್ಣ ನೋಡದೆ ತೂಕ ನೋಡಿ ಕೊಳ್ಳಿ. ಶೇಂಗಾದ್ದು ವಾರಗಟ್ಟಲೆ ತಾಳುತ್ತದೆ. ಫಡ್ಜ್ ತೆಗೆದುಕೊಂಡರೆ ಬಯಲುಸೀಮೆಯ ಬಿಸಿಲು ಮುಟ್ಟುವ ಮೊದಲೇ ತಿಂದು ಮುಗಿಸಿ.